ಮೂರು ಕಾಲಿನ ನಾಯಿಗೆ ಮನೆ ಸಜ್ಜು: ಆಪರೇಷನ್‌ಗೆ ಒಂದು ವಾರ ಮೊದಲಿಂದ ಮೂರನೇ ತಿಂಗಳವರೆಗೆ

ಇಲ್ಲಿನ ಅಳತೆಗಳೆಲ್ಲ ಬಲ ಹಿಂಗಾಲು ತೆಗೆದ, ಆಪರೇಷನ್ ಆದ ಮೇಲೆ 21 ಕೆಜಿ ತೂಗುವ ಗಂಡುನಾಯಿಯ ಲೆಕ್ಕದವು. ನಾಯಿ ಚಿಕ್ಕದೋ ದೊಡ್ಡದೋ ಆದರೆ ಅಳತೆ ಬದಲಿಸಿಕೊಳ್ಳಿ, ಕೆಲಸದ ಕ್ರಮ ಬದಲಿಸಬೇಡಿ. ಮುಂಗಾಲು ತೆಗೆದಾಗ ಬೇರೆಯಾಗುವುದನ್ನು ಅಲ್ಲಲ್ಲೇ ಸೇರಿಸಿದೆ. ಔಷಧದ ಪ್ರಮಾಣ ಎಲ್ಲೂ ಬರೆದಿಲ್ಲ. ಅದು ವೈದ್ಯರ ಚೀಟಿಯಲ್ಲಿ ಇದ್ದ ಹಾಗೆಯೇ ನಡೆಯಬೇಕು.

ಮೂರು ಕಾಲಲ್ಲಿ ನಿಲ್ಲುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಹೆಚ್ಚಿನವು ಒಂದೆರಡು ದಿನದಲ್ಲೇ ಎದ್ದು ನಿಲ್ಲುತ್ತವೆ. ಕೆಲಸ ಇರುವುದು ನೆಲದ ಮೇಲೆ, ಮತ್ತು ಉಳಿದ ಮೂರು ಕಾಲುಗಳ ಮೇಲೆ. ನಾಯಿ ಸುಮ್ಮನೆ ನಿಂತಾಗ ಮೈಭಾರದ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲೆ, ಶೇ. 40ರಷ್ಟು ಹಿಂಗಾಲುಗಳ ಮೇಲೆ ಬೀಳುತ್ತದೆ. ಅಂದರೆ ಒಂದು ಹಿಂಗಾಲು ಹೊರುತ್ತಿದ್ದ ನಾಲ್ಕು ಕೆಜಿಯಷ್ಟನ್ನು, ಮುಂಗಾಲಾದರೆ ಆರು ಕೆಜಿಗೂ ಮಿಕ್ಕಿದ್ದನ್ನು ಉಳಿದ ಮೂರು ಹಂಚಿಕೊಳ್ಳಬೇಕು. ಮುಂಗಾಲು ಕಳೆದುಕೊಂಡ ನಾಯಿ ಹೊಂದಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುವುದು ಇದಕ್ಕೇ.

ಹಂತ 1. ಒಂದು ವಾರ ಮೊದಲು: ನೆಲ

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇದು, ಎಲ್ಲರೂ ಕೊನೆಗೆ ಮಾಡುವುದೂ ಇದೇ. ಟೈಲ್ಸ್, ಮಾರ್ಬಲ್, ಪಾಲಿಶ್ ಮಾಡಿದ ಕಲ್ಲು, ಮರದ ನೆಲ ಯಾವುದಾದರೂ ಹಾಸು ಬೇಕೇ ಬೇಕು. ಮೊದಲ ವಾರ ಒಮ್ಮೆ ಜಾರಿ ಬಿದ್ದ ನಾಯಿ ಹೊಲಿಗೆ ಬಿಚ್ಚಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ, ನೆಲದ ಮೇಲಿನ ನಂಬಿಕೆ ಕಳೆದುಕೊಂಡು ಎದ್ದೇಳುವುದನ್ನೇ ನಿಲ್ಲಿಸುತ್ತದೆ.

ಬೇಕಾದ್ದು:
- 6 ಮಿ.ಮೀ. ದಪ್ಪದ ಯೋಗ ಮ್ಯಾಟ್ ಅಥವಾ ತಳಕ್ಕೆ ರಬ್ಬರ್ ಇರುವ ಉದ್ದ ಹಾಸು, 60ರಿಂದ 90 ಸೆಂ.ಮೀ. ಅಗಲ
- ಎರಡೂ ಬದಿ ಅಂಟುವ ಕಾರ್ಪೆಟ್ ಟೇಪ್
- ಅಳತೆ ಟೇಪ್, ಕತ್ತರಿ, ಕಟರ್

ಹಾಸಿಗೆಯಿಂದ ನೀರಿನ ಬಟ್ಟಲು, ಅಲ್ಲಿಂದ ಹೊರಗೆ ಹೋಗುವ ಬಾಗಿಲು, ಇಷ್ಟಕ್ಕೆ ಒಂದು ದಾರಿ ಹಾಕಿ. ಇಡೀ ಮನೆಗೆ ಹಾಸುವ ಅಗತ್ಯವಿಲ್ಲ. ಹಾಸಿಲ್ಲದ ಕಡೆಗೆ ಅಡ್ಡ ಕಟ್ಟಿದರೆ ಸಾಕು. ತುಂಡು ತುಂಡು ಹಾಕುವುದಾದರೆ ನಡುವೆ ಬರಿ ನೆಲ ಕಾಣಬಾರದು. ಕಂಡರೆ ನಾಯಿ ಒಂದು ಹಾಸಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ, ಇಳಿಯುವಾಗ ಜಾರುತ್ತದೆ. ನೇರ ನಡೆವಾಗ ಬೀಳುವುದು ಕಡಿಮೆ. ಬೀಳುವುದು ತಿರುವಿನಲ್ಲಿ, ಹೊಸ್ತಿಲಲ್ಲಿ, ಮಲಗಿದ್ದಲ್ಲಿಂದ ಏಳುವಾಗ. ಹಾಗಾಗಿ ತಿರುವಿನಲ್ಲಿ ಅಗಲ 1 ಮೀಟರ್ ಇರಲಿ, ಹಾಸಿಗೆಯ ನಾಲ್ಕೂ ಬದಿ ಅರ್ಧ ಮೀಟರ್ ಹಾಸು ಚಾಚಿರಲಿ.

ಕೆಲಸಕ್ಕೆ ಬಾರದವು: ಬೆಡ್‌ಶೀಟ್, ಹಳೇ ಕಂಬಳಿ, ದಿನಪತ್ರಿಕೆ. ಇವು ನಾಯಿಯ ಜೊತೆ ತಾವೂ ಜಾರುತ್ತವೆ. ಮಕ್ಕಳಿಗೆಂದು ಮಾರುವ ದಪ್ಪ ಮೆತ್ತನೆ ಫೋಮ್ ತುಂಡುಗಳಲ್ಲಿ ಪಾದ ಹೂತುಹೋಗಿ ಸಮತೋಲನ ತಪ್ಪುತ್ತದೆ, 10–12 ಮಿ.ಮೀ.ನ ಗಟ್ಟಿ ಜಾತಿಯಾದರೆ ನಡೆಯುತ್ತದೆ. ಪರೀಕ್ಷೆ ಸುಲಭ: ಕಾಲುಚೀಲ ಹಾಕಿ ಹಾಸಿನ ಮೂಲೆಯಲ್ಲಿ ನಿಂತು ಹಿಮ್ಮಡಿ ತಿರುಚಿ. ಹಾಸು ಕದಲಿದರೆ ಇನ್ನೊಂದು ಸಾಲು ಟೇಪ್. ಮೇಲೆ ಸ್ವಲ್ಪ ನೀರು ಚೆಲ್ಲಿ ಮತ್ತೆ ನೋಡಿ, ಏಕೆಂದರೆ ಮೊದಲ ದಿನಗಳಲ್ಲಿ ಅದರ ಮೇಲೆ ಮೂತ್ರ ಬಿದ್ದೇ ಬೀಳುತ್ತದೆ.

ಪಾದವನ್ನೂ ಈಗಲೇ ನೋಡಿ. ಪಾದದ ಗದ್ದುಗೆಗಳ (ಅಡಿಯ ಮೆತ್ತನೆ ಉಬ್ಬುಗಳ) ನಡುವಿನ ಕೂದಲನ್ನು ಗದ್ದುಗೆಯ ಮಟ್ಟಕ್ಕೆ ಕತ್ತರಿಸಬೇಕು, ಉಗುರು ಕತ್ತರಿಸಬೇಕು. ಆಪರೇಷನ್ ಆದ ಮೇಲೆ ಒಂದು ಪಾದ ಎತ್ತಿದರೆ ಉಳಿಯುವುದು ಎರಡೇ, ನಾಯಿ ಬಿಡುವುದಿಲ್ಲ. ಪಾದಕ್ಕೆ ಹಚ್ಚುವ ಮುಲಾಮು, ಎಣ್ಣೆ ಈ ವಾರಗಳಲ್ಲಿ ಬೇಡ, ಜಾರುತ್ತದೆ. ನಾಯಿಯ ಕಾಲುಚೀಲಗಳು ತಿರುಗಿಕೊಂಡು ರಬ್ಬರ್ ಚುಕ್ಕಿ ಮೇಲೆ ಬರುತ್ತವೆ. ನೆಲ ಸರಿಪಡಿಸಿದರೆ ಅವುಗಳ ಅಗತ್ಯವೇ ಇಲ್ಲ.

ಹಂತ 2. ಹಾಸಿಗೆ ಮತ್ತು ಅಡ್ಡಗಟ್ಟು

ಗೋಡೆಗೆ ತಾಗಿದ ಒಂದು ಮೂಲೆಯಲ್ಲಿ 120 × 150 ಸೆಂ.ಮೀ. ಜಾಗ ಸಾಕು. ತಿರುಗಿ ಮಲಗಲು ಆಗಬೇಕು, ಓಡಲು ಆಗಬಾರದು. ಬೇಲಿ 75 ಸೆಂ.ಮೀ. ಎತ್ತರ, ನಾಯಿ ಒರಗಿದರೂ ಬೀಳದಂತೆ ಗೋಡೆಗೋ ಭಾರದ ಪೀಠೋಪಕರಣಕ್ಕೋ ಕಟ್ಟಿದ್ದು.

ಹಾಸಿಗೆಗೆ 8–10 ಸೆಂ.ಮೀ. ದಪ್ಪದ ಗಟ್ಟಿ ಫೋಮ್. ಮೊಣಕಾಲೂರಿ ಒತ್ತಿದಾಗ ನೆಲ ತಾಗಬಾರದು. ತೀರಾ ಮೆತ್ತಗಿನದರಲ್ಲಿ ನಾಯಿ ಹಾಯಾಗಿ ಮಲಗುತ್ತದೆ, ಏಳಲು ಮಾತ್ರ ಆಗುವುದಿಲ್ಲ. ಫೋಮ್‌ಗೆ ನೀರು ಹಿಡಿಯದ ಹೊದಿಕೆ, ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ಹತ್ತಿಬಟ್ಟೆ. ಬರಿ ರೆಕ್ಸಿನ್ ಜಾರುತ್ತದೆ, ಬೆವರುತ್ತದೆ. ಸುತ್ತ ಎತ್ತರದ ಅಂಚಿರುವ ಹಾಸಿಗೆಯಾದರೆ ನಾಯಿ ಹೊಕ್ಕುವ ಬದಿಯ ಅಂಚನ್ನು ಕತ್ತರಿಸಿ ತೆಗೆಯಿರಿ.

ಬಟ್ಟಲು: ಹಿಂಗಾಲು ಹೋದ ನಾಯಿಗೆ ನೆಲದ ಮೇಲೇ ಇರಲಿ, ತಲೆ ತಗ್ಗಿಸಿದಾಗ ಭಾರ ಮುಂದಕ್ಕೆ ಹೋಗುವುದು ಒಳ್ಳೆಯದೇ. ಮುಂಗಾಲು ಹೋಗಿದ್ದರೆ ಇದು ತಿರುಗುಮುರುಗು. ಬಟ್ಟಲನ್ನು ಎದೆಯ ಕೆಳಭಾಗದ ಮಟ್ಟಕ್ಕೆ ಎತ್ತಬೇಕು, ಇಲ್ಲವಾದರೆ ತಿನ್ನುವಾಗ ಮುಗ್ಗರಿಸುತ್ತದೆ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಬಟ್ಟಲು ಎತ್ತುವ ಮೊದಲು, ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯದ ಬಗ್ಗೆ ವೈದ್ಯರನ್ನು ಕೇಳಿ.

ಹಂತ 3. ಇಳಿಜಾರು ಹಲಗೆ

ನಾಲ್ಕು ಕಾಲಿನ ನಾಯಿಗೆ ಎಂದು ಮಾರುವ ರ‍್ಯಾಂಪ್‌ಗಳು ಬಹುತೇಕ ಕಡಿದಾದವು. ಎತ್ತರದ ನಾಲ್ಕು ಪಟ್ಟು ಉದ್ದ ಇರಬೇಕು: 15 ಸೆಂ.ಮೀ.ನ ಒಂದು ಮೆಟ್ಟಿಲಿಗೆ 60 ಸೆಂ.ಮೀ., 45 ಸೆಂ.ಮೀ. ಎತ್ತರದ ಕಾರಿನ ಬಾಗಿಲಿಗೆ 180 ಸೆಂ.ಮೀ. ಕೋನ ಹದಿನಾಲ್ಕೂವರೆ ಡಿಗ್ರಿ ಆಗುತ್ತದೆ.

180 ಸೆಂ.ಮೀ.ನದಕ್ಕೆ: 12 ಮಿ.ಮೀ. ಪ್ಲೈವುಡ್, 45 ಸೆಂ.ಮೀ. ಅಗಲ. ಅಡಿಯಲ್ಲಿ ಉದ್ದಕ್ಕೂ 40 × 40 ಮಿ.ಮೀ.ನ ಎರಡು ಮರದ ಪಟ್ಟಿ, ಪ್ರತಿ 20 ಸೆಂ.ಮೀ.ಗೆ ಒಂದು ಸ್ಕ್ರೂ. ಎರಡೂ ಬದಿ 10 ಸೆಂ.ಮೀ. ಎತ್ತರದ ಅಂಚುಪಟ್ಟಿ. ಮೇಲೆ ರಬ್ಬರ್ ಹಾಸನ್ನು ಪೂರ್ತಿ ಅಂಟಿಸಿ. ಮೇಲ್ತುದಿ ಜಾರದಂತೆ ಒಂದು ಕೊಕ್ಕೆ ಅಥವಾ ಪಟ್ಟಿ, ಕೆಳತುದಿಗೆ ರಬ್ಬರ್ ಪಾದ.

ಅಡಿಪಟ್ಟಿ ಬಿಟ್ಟರೆ ಏನಾಗುತ್ತದೆ? ಹಲಗೆ ಮುರಿಯುವುದಿಲ್ಲ, ಬಳುಕುತ್ತದೆ. ನಡುವೆ ಬಂದಾಗ ಒಮ್ಮೆ ಕುಪ್ಪಳಿಸಿದರೆ ಸಾಕು, ನಾಯಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಇನ್ನೊಂದು ತಪ್ಪು ಉಪ್ಪುಕಾಗದದಂಥ ಗ್ರಿಪ್ ಟೇಪ್ ಅಂಟಿಸುವುದು. ಹಿಡಿತ ಚೆನ್ನಾಗಿ ಸಿಗುತ್ತದೆ, ಆದರೆ ಒಂದೇ ಹಿಂಗಾಲಿನ ಮೇಲೆ ನೂಕಿಕೊಂಡು ಹತ್ತುವ ನಾಯಿಯ ಗದ್ದುಗೆ ಸುಲಿಯುತ್ತದೆ.

ಹಲಗೆಯನ್ನು ಆಪರೇಷನ್‌ಗೆ ಮುಂಚೆಯೇ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು, ತಿಂಡಿ ಹಾಕಿ ನಡೆಸಿ ರೂಢಿ ಮಾಡಿ. ಇಳಿಜಾರಾಗಿ ಬಳಸುವುದು ಹೊಲಿಗೆ ತೆಗೆದ ಮೇಲೆ. ಅಲ್ಲಿಯವರೆಗೆ ಎತ್ತಿಕೊಂಡೇ ಹೋಗಬೇಕು: ಒಂದು ಕೈ ಎದೆಯ ಮುಂದೆ, ಇನ್ನೊಂದು ಉಳಿದ ಹಿಂತೊಡೆಯ ಹಿಂದೆ, ಗಾಯದ ಬದಿ ಹೊರಗೆ.

ಹಂತ 4. ಹೊಟ್ಟೆಪಟ್ಟಿ, ಅಂಗಿ, ಕೋನ್

ಹೊಟ್ಟೆಪಟ್ಟಿಗೆ 120 ಸೆಂ.ಮೀ. ಉದ್ದದ ಟವೆಲ್ಲನ್ನು 20 ಸೆಂ.ಮೀ. ಅಗಲಕ್ಕೆ ಮಡಚಿ, ಎರಡೂ ತುದಿಗೆ ಗಂಟು ಹಾಕಿದರೆ ಸಾಕು. ಹಿಡಿದವರು ಬೆನ್ನು ಬಗ್ಗಿಸದಷ್ಟು ಉದ್ದವಿರಲಿ. ಇದು ನಾಯಿಯನ್ನು ಎತ್ತಲು ಅಲ್ಲ, ಬಿದ್ದರೆ ಹಿಡಿಯಲು. ಹೊಟ್ಟೆಗೂ ಪಟ್ಟಿಗೂ ನಡುವೆ ಎರಡು ಬೆರಳಿನಷ್ಟು ಸಡಿಲ ಬಿಡಿ. ಬಿಗಿಯಾಗಿ ಎತ್ತಿ ಹಿಡಿದರೆ ಉಳಿದ ಹಿಂಗಾಲು ಭಾರ ಹೊರುವುದನ್ನು ಕಲಿಯುವುದೇ ಇಲ್ಲ, ಪಟ್ಟಿ ತೆಗೆದ ದಿನ ಕುಸಿಯುತ್ತದೆ. ಗಂಡುನಾಯಿಗೆ ಈ ಪಟ್ಟಿ ಮೂತ್ರದ ಜಾಗವನ್ನೇ ಮುಚ್ಚುತ್ತದೆ. ನಿಂತು ಸ್ಥಿರವಾದ ಕೂಡಲೇ ಪೂರ್ತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ಪಟ್ಟಿಯ ಅಂಚು ಹೊಲಿಗೆಗೆ ತಾಗುತ್ತದೆಯೇ ಎಂದು ಕನ್ನಡಿ ಮುಂದೆ ನಿಲ್ಲಿಸಿ ನೋಡಿ.

ಮುಂಗಾಲು ತೆಗೆದ ನಾಯಿಗೆ ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ (ಎದೆ ಸುತ್ತಿ ಕಟ್ಟುವ ಪಟ್ಟಿ) ಬೇಕು, ಆದರೆ ಹೊಲಿಗೆ ಮಾಯುವವರೆಗೆ ಅಲ್ಲ. ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಹೆಗಲಮೂಳೆಯನ್ನೂ ತೆಗೆಯುವುದರಿಂದ ಗಾಯ ಸರಿಯಾಗಿ ಪಟ್ಟಿ ಕೂರುವ ಜಾಗದಲ್ಲೇ ಇರುತ್ತದೆ. ಮುಂದೆ ಹಾಕುವಾಗಲೂ ಕಾಲಿಲ್ಲದ ಬದಿಗೆ ಹಾರ್ನೆಸ್ ತಿರುಗಿಕೊಳ್ಳುತ್ತದೆ. ಆ ಬದಿಯ ತೂತನ್ನು ಹೊಲಿದು ಚಿಕ್ಕದು ಮಾಡಿ, ಒಳಗೆ ಮೆತ್ತೆ ಇಟ್ಟರೆ ನಿಲ್ಲುತ್ತದೆ.

ಕೋನ್, ಅಂದರೆ ನಾಯಿ ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಶಂಕುವಿನಾಕಾರದ ತಡೆ, ಮೂಗಿನ ತುದಿಗಿಂತ 3–5 ಸೆಂ.ಮೀ. ಮುಂದೆ ಚಾಚಿರಬೇಕು. ಅಂಗಿ ಅಥವಾ ಚಡ್ಡಿ ಗಾಯ ಮುಚ್ಚುತ್ತದೆ, ಧೂಳು ತಡೆಯುತ್ತದೆ, ಆದರೆ ಕೋನ್‌ಗೆ ಬದಲಿ ಅಲ್ಲ. ಬಟ್ಟೆಯ ಮೇಲಿಂದಲೇ ಹೊಲಿಗೆ ಕಿತ್ತುಕೊಳ್ಳುವ ನಾಯಿಗಳಿವೆ. ಹಿಂಗಾಲಿನ ಗಾಯಕ್ಕೆ ಮಕ್ಕಳ ಹತ್ತಿ ಚಡ್ಡಿ, ಬಾಲಕ್ಕೊಂದು ತೂತು, ಕಾಲಿಲ್ಲದ ಬದಿ ಹೊಲಿದು ಮುಚ್ಚಿದ್ದು.

ಹಂತ 5. ವೈದ್ಯರ ಬಳಿ ಬರೆದುಕೊಂಡು ಬರಬೇಕಾದ್ದು

ಎಲ್ಲಿಂದ ತೆಗೆಯುತ್ತಾರೆ? ಹಿಂಗಾಲನ್ನು ಸಾಮಾನ್ಯವಾಗಿ ತೊಡೆಮೂಳೆಯ ನಡುವಿನಿಂದ ಅಥವಾ ಸೊಂಟದ ಕೀಲಿನಿಂದ ತೆಗೆಯುತ್ತಾರೆ. ಮೋಟು ಉದ್ದ ಉಳಿದರೆ ನಾಯಿ ಅದನ್ನು ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದೆ. ಕೃತಕ ಕಾಲಿನ ಯೋಚನೆ ಇದ್ದರೆ ಆಪರೇಷನ್‌ಗೆ ಮೊದಲೇ ಹೇಳಬೇಕು. ಇಷ್ಟು ಮೇಲಿಂದ ತೆಗೆದ ಮೇಲೆ ಅದನ್ನು ಕೂರಿಸಲು ಜಾಗ ಉಳಿಯುವುದಿಲ್ಲ.

ಹೊಲಿಗೆ ಕರಗುವುದೋ, ತೆಗೆಸಬೇಕಾದದ್ದೋ? ದ್ರವ ಹೊರಬರುವ ನಳಿಕೆ ಇದೆಯೇ? ನೋವು ತಡೆಯಲು ಚರ್ಮಕ್ಕೆ ಫೆಂಟನಿಲ್ ಔಷಧದ ಪಟ್ಟಿ ಅಂಟಿಸಿದ್ದಾರೆಯೇ? ಇದ್ದರೆ ಅದರ ಹತ್ತಿರ ಬಿಸಿ ಶಾಖ ಕೂಡದು, ಶಾಖಕ್ಕೆ ಔಷಧ ಒಮ್ಮೆಲೇ ಮೈಗೇರುತ್ತದೆ. ಕಿತ್ತುಬಂದ ಪಟ್ಟಿ ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗಬಾರದು. ಬರುವಾಗ ಅಲ್ಲೇ ತೂಕ ಹಾಕಿಸಿ. ಮುಂದಿನ ಲೆಕ್ಕಕ್ಕೆಲ್ಲ ಅದೇ ಬುಡ.

ದಿನ 0–3

ಮನೆಗೆ ಬಂದ ರಾತ್ರಿ ಏದುಸಿರು, ನರಳುವಿಕೆ, ಎತ್ತಲೋ ದಿಟ್ಟಿಸುವುದು, ಮಲಗದೆ ಒದ್ದಾಡುವುದು ಎಲ್ಲ ಇರಬಹುದು. ಕೆಲವು ಸಲ ಅದು ನೋವಲ್ಲ, ನೋವಿಗೆ ಕೊಟ್ಟ ಅಫೀಮು ಜಾತಿಯ ಔಷಧದ ಅಮಲು. ಹೊರಗಿಂದ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಗಂಟೆಗಟ್ಟಲೆ ನಿಲ್ಲದಿದ್ದರೆ ಫೋನ್ ಮಾಡಿ, ನೀವೇ ಮಾತ್ರೆ ಹೆಚ್ಚಿಸಬೇಡಿ. ಸುಮ್ಮನೆ ಬಿದ್ದಿರುವ ನಾಯಿಗೆ ನೋವಿಲ್ಲ ಎಂದೂ ಅಲ್ಲ. ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಮಡಚುವುದು, ನಡುಗುವುದು, ಮಲಗಲು ಹೋಗಿ ಮತ್ತೆ ನಿಲ್ಲುವುದು, ಇವನ್ನು ನೋಡಿ.

ಔಷಧಗಳ ವಿಷಯದಲ್ಲಿ ಎಡವುವುದು ಇಲ್ಲಿ:
- ಕಾರ್ಪ್ರೊಫೆನ್, ಮೆಲಾಕ್ಸಿಕಾಂ ಥರದ ನೋವು, ಊತ ಇಳಿಸುವ ಔಷಧಗಳನ್ನು ಊಟದ ಜೊತೆ ಕೊಡಬೇಕು. ವಾಂತಿ, ಕಪ್ಪು ಮಲ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸ್ಟೀರಾಯ್ಡ್ ಜೊತೆ ಇವು ಸೇರಬಾರದು.
- ಮನುಷ್ಯರ ಐಬುಪ್ರೊಫೆನ್ ನಾಯಿಗೆ ವಿಷ. ಪ್ಯಾರಸಿಟಮಾಲ್ ಕೂಡ ಸ್ವಂತ ನಿರ್ಧಾರದಿಂದ ಬೇಡ.
- ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ದ್ರವರೂಪದಲ್ಲಿ ತಂದರೆ ಬಾಟಲಿಯ ಮೇಲೆ ಝೈಲಿಟಾಲ್ ಇದೆಯೇ ಎಂದು ಓದಿ. ಮನುಷ್ಯರಿಗಾಗಿ ಮಾಡಿದ ಕೆಲವು ದ್ರವಗಳಲ್ಲಿ ಈ ಸಿಹಿಕಾರಕ ಇರುತ್ತದೆ, ನಾಯಿಗೆ ಅದೂ ವಿಷ.

ಪ್ರತಿ ಔಷಧಕ್ಕೆ ಒಂದು ಸಾಲಿನಂತೆ ಹಾಳೆಯಲ್ಲಿ ಗಂಟೆ ಬರೆದು, ಕೊಟ್ಟ ಕೂಡಲೇ ಗುರುತು ಹಾಕಿ. ಮನೆಯಲ್ಲಿ ಇಬ್ಬರು ನೋಡಿಕೊಳ್ಳುವಾಗ ಒಂದೇ ಮಾತ್ರೆ ಎರಡು ಸಲ ಹೋಗುವುದು ಸಾಮಾನ್ಯ.

ತಣ್ಣನೆ ಶಾಖ: ಐಸ್ ಪ್ಯಾಕನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಯದ ಸುತ್ತ 10 ನಿಮಿಷ, ದಿನಕ್ಕೆ 3–4 ಸಲ, ಮೊದಲ ಮೂರು ದಿನ. ಆ ಜಾಗದ ಸ್ಪರ್ಶ ಮಂದವಾಗಿರುವುದರಿಂದ ತೀರಾ ತಣ್ಣಗಾದರೂ ನಾಯಿ ಹೇಳುವುದಿಲ್ಲ. ಪ್ರತಿ 5 ನಿಮಿಷಕ್ಕೆ ಚರ್ಮ ಮುಟ್ಟಿ ನೋಡಿ.

ಮೊದಲ ಊಟ ಮಾಮೂಲಿನ ಕಾಲುಭಾಗ. ಒಂದು ದಿನ ತಿನ್ನದಿದ್ದರೆ ಗಾಬರಿ ಬೇಡ. ಮಲವಿಸರ್ಜನೆ ಮೂರು ನಾಲ್ಕು ದಿನ ಆಗದಿರಬಹುದು. ಹೊಟ್ಟೆ ಖಾಲಿ ಇತ್ತು, ಔಷಧ ಮಲ ಕಟ್ಟುತ್ತದೆ, ಜೊತೆಗೆ ಕುಕ್ಕರಿಸುವ ಭಂಗಿ ಹೊಸದು. ಮೂತ್ರ ಹಾಗಲ್ಲ. ಒಂದು ಹಗಲು ಒಂದು ರಾತ್ರಿ ಕಳೆದರೂ ಹೊಯ್ಯದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಕಾಲೆತ್ತಿ ಹೊಯ್ಯುತ್ತಿದ್ದ ಗಂಡುನಾಯಿ ಎತ್ತಲು ಹೋಗಿ ಬೀಳುತ್ತದೆ, ಆಮೇಲೆ ನಿಂತಲ್ಲೇ ಹೊಯ್ಯುವುದಕ್ಕೆ ಒಗ್ಗಿಕೊಳ್ಳುತ್ತದೆ. ಹೊರಗೆ ಹೋಗುವುದು ದಿನಕ್ಕೆ 4–5 ಸಲ, ಮೂರು ನಿಮಿಷಕ್ಕೆ ಮೀರದಂತೆ.

ದಿನ 4–14

ದಿನಾ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಗಾಯದ ಫೋಟೊ ತೆಗೆಯಿರಿ. ನಿನ್ನೆಗಿಂತ ಇವತ್ತು ಊತ ಹೆಚ್ಚೋ ಕಡಿಮೆಯೋ ಎಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ.

ಈ ದಿನಗಳಲ್ಲಿ ಹೆಚ್ಚು ಹೆದರಿಸುವುದು ಎರಡು, ಎರಡೂ ಬಹುತೇಕ ನಿರಪಾಯ. ಒಂದು, ನೇರಳೆ ಬಣ್ಣದ ರಕ್ತ ಕಂದಿದ ಗುರುತು ಹೊಟ್ಟೆಯವರೆಗೂ ಹರಡುವುದು. ಇನ್ನೊಂದು, ಗಾಯದ ಕೆಳತುದಿಯಲ್ಲಿ ನೀರು ತುಂಬಿದ ಮೆತ್ತನೆ ಗುಳ್ಳೆ. ಸ್ನಾಯು ತೆಗೆದ ಖಾಲಿ ಜಾಗದಲ್ಲಿ ದ್ರವ ಸೇರಿ ಭಾರಕ್ಕೆ ಕೆಳಗಿಳಿಯುತ್ತದೆ, ಅಷ್ಟೇ. ಬಿಸಿ ಇಲ್ಲದೆ, ನೋವಿಲ್ಲದೆ ಇದ್ದರೆ ಮೈ ತಾನೇ ಹೀರಿಕೊಳ್ಳುತ್ತದೆ. ಹಿಂಡಬಾರದು, ಚುಚ್ಚಬಾರದು, ಒಳಗೆ ನಂಜು ಹೋಗುವ ದಾರಿ ಅದೇ. ಅಂಚಿಗೆ ಪೆನ್ನಿನಿಂದ ಗೆರೆ ಹಾಕಿ, ಗೆರೆ ದಾಟಿ ದೊಡ್ಡದಾದರೆ ಅಥವಾ ಬಿಗಿಯಾದರೆ ತೋರಿಸಿ.

ಕಾಯದೆ ಹೊರಡಬೇಕಾದ್ದು: ಕೀವು, ಕೆಟ್ಟ ವಾಸನೆ, ಹೊಲಿಗೆಯ ಬಾಯಿ ಬಿಡುವುದು, ಮುಟ್ಟಿದರೆ ಬಿಸಿ, ಬಿಳಿಚಿದ ಒಸಡು, ಗುದದ್ವಾರದಲ್ಲಿ ಅಳೆದ ಜ್ವರ 39.4 ಡಿಗ್ರಿ ಸೆಲ್ಸಿಯಸ್ ಮೀರುವುದು. ನಾಯಿಯ ಮಾಮೂಲಿ ತಾಪ 38.3ರಿಂದ 39.2.

ಇದ್ದಕ್ಕಿದ್ದಂತೆ ಕಿರುಚಿ, ಇಲ್ಲದ ಕಾಲಿನ ಕಡೆ ತಿರುಗಿ ನೋಡುವುದು, ಆ ಜಾಗದ ಸ್ನಾಯು ಅದುರುವುದು ಕಂಡರೆ ಕತ್ತರಿಸಿದ ನರದ ನೋವಿರಬಹುದು. ವಿಡಿಯೊ ಮಾಡಿ ತೋರಿಸಿ. ಸಾಮಾನ್ಯ ನೋವುನಿವಾರಕ ಇದಕ್ಕೆ ಸಾಲುವುದಿಲ್ಲ, ಗ್ಯಾಬಾಪೆಂಟಿನ್ ಕೊಡುವುದು ಈ ಕಾರಣಕ್ಕೂ ಹೌದು. ಅದನ್ನು ಚೆನ್ನಾಗಿದೆಯೆಂದು ಒಂದೇ ಸಲಕ್ಕೆ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು.

ಎರಡನೇ ವಾರವೇ ನಿಜವಾಗಿ ಕೆಡುವ ವಾರ. ಊತ ಇಳಿದಿರುತ್ತದೆ, ನಾಯಿ ಬಾಲ ಆಡಿಸಿಕೊಂಡು ಕುಪ್ಪಳಿಸುತ್ತದೆ, ಮನೆಯವರಿಗೂ ಬೇಲಿ ಬೇಸರವಾಗಿರುತ್ತದೆ. ಚರ್ಮ ಕೂಡಿಕೊಂಡಂತೆ ಕಂಡರೂ ಒಳಗಿನ ಸ್ನಾಯುಪದರ ಕೂಡಿರುವುದಿಲ್ಲ. ಸೋಫಾದಿಂದ ಒಂದು ಜಿಗಿತ, ಗಂಟೆ ಬಾರಿಸಿದಾಗ ಬಾಗಿಲಿಗೆ ಒಂದು ಓಟ ಸಾಕು. ಸೋಫಾದ ಮೇಲೆ ಕುರ್ಚಿ ಮಗುಚಿಡಿ, ಮನೆಯೊಳಗೂ ಹಗ್ಗ ಕಟ್ಟಿಯೇ ನಡೆಸಿ, ಮೆಟ್ಟಿಲಿಗೆ ಗೇಟ್ ಹಾಕಿ. ಹೊಲಿಗೆ ತೆಗೆಯುವುದು 10ರಿಂದ 14ನೇ ದಿನ, ಅಲ್ಲಿಯವರೆಗೆ ಸ್ನಾನ ಇಲ್ಲ.

ವಾರ 3–6

ಹೊಲಿಗೆ ತೆಗೆದು ವೈದ್ಯರು ಒಪ್ಪಿದ ಮೇಲೆ ನಡಿಗೆ: 5 ನಿಮಿಷ, ದಿನಕ್ಕೆ 3–4 ಸಲ. ವಾರಕ್ಕೆ ಒಂದೆರಡು ನಿಮಿಷ ಮಾತ್ರ ಹೆಚ್ಚಿಸಿ. ಅರ್ಧ ಗಂಟೆಯ ಒಂದು ನಡಿಗೆ 5 ನಿಮಿಷದ ಆರು ನಡಿಗೆಗೆ ಸಮ ಅಲ್ಲ. ವಾಪಸು ಬರುವ ದಾರಿ ಇದೆ ಎಂಬುದನ್ನು ಮರೆಯುವುದರಿಂದಲೇ ಎಷ್ಟೋ ಜನ ನಾಯಿಯನ್ನು ಹೊತ್ತು ತರುತ್ತಾರೆ. ಮೂರು ಕಾಲಿನ ನಾಯಿಗೆ ನಿಧಾನವಾಗಿ ನಡೆಯುವುದೇ ಹೆಚ್ಚು ಕಷ್ಟ, ವೇಗ ಇದ್ದರೆ ಸಮತೋಲನ ಸಿಗುತ್ತದೆ. ಅದು ಎಳೆದುಕೊಂಡು ಹೋಗುವುದು ಹಟವಲ್ಲ. ಅದರ ವೇಗದಲ್ಲೇ ಬಿಟ್ಟು ಆಗಾಗ ನಿಲ್ಲಿಸಿ.

ಹಾಸಿನ ಮೇಲೆ ಮಾಡಿಸುವ ಕಸರತ್ತು, ದಿನಕ್ಕೆ ಎರಡು ಸಲ. ನಿಲ್ಲಿಸಿ ಹೆಗಲನ್ನೂ ಸೊಂಟವನ್ನೂ ಅಂಗೈಯಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಿರಿ, 5 ಸಲ. ತಿಂಡಿ ತೋರಿಸಿ ಮೂಗನ್ನು ಎಡ ಹೆಗಲಿಗೆ, ಬಲ ಹೆಗಲಿಗೆ, ಎದೆಯ ಕೆಳಗೆ ತರಿಸಿ, ಪ್ರತಿಯೊಂದೂ 3 ಸಲ. ಕೂತು ಏಳುವುದು 5 ಸಲ. ಐದನೇ ವಾರದಿಂದ ನೆಲದಿಂದ 5 ಸೆಂ.ಮೀ. ಎತ್ತರಕ್ಕಿಟ್ಟ ನಾಲ್ಕು ಕೋಲುಗಳನ್ನು ದಾಟಿಸಬಹುದು. ಕಾಲು ನಡುಗಿದರೆ, ನಡುವೆ ಕೂತುಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ಏಳುವಾಗ ಬಿಗಿದುಕೊಂಡಿದ್ದರೆ ನಿನ್ನೆ ಮಾಡಿಸಿದ್ದು ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ.

ಮುಂಗಾಲುಗಳ ಹೆಗಲು, ಬೆನ್ನಿನ ಕೆಳಭಾಗ, ಉಳಿದ ತೊಡೆ ಈಗ ಗಂಟುಗಟ್ಟುವ ಜಾಗಗಳು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ 10 ನಿಮಿಷ, ಆಮೇಲೆ ಅಂಗೈಯಿಂದ ಉದ್ದಕ್ಕೆ ಉಜ್ಜುವುದು. ಮುಂಗಾಲು ಹೋದ ನಾಯಿಯಲ್ಲಿ ಉಳಿದ ಮುಂಗಾಲಿನ ಮಣಿಕಟ್ಟು ಹಿಂದಕ್ಕೆ ಬಾಗುತ್ತಿದೆಯೇ ಎಂದು ವಾರಕ್ಕೊಮ್ಮೆ ಪಕ್ಕದಿಂದ ಫೋಟೊ ತೆಗೆದು ಹೋಲಿಸಿ. ಬಾಗಿದರೆ ಆಧಾರಪಟ್ಟಿ ಬೇಕಾಗುತ್ತದೆ, ತಡಮಾಡಿದಷ್ಟೂ ಸರಿಪಡಿಸುವುದು ಕಷ್ಟ.

ತಿಂಗಳು 2–3: ತೂಕ, ಮತ್ತೆ ಉಳಿದದ್ದು

ದಿನದ ಆಹಾರದ ಲೆಕ್ಕ ಹೀಗೆ: ತೂಕದ 0.75ನೇ ಘಾತ, ಗುಣಿಸು 70. 21 ಕೆಜಿಗೆ ಸುಮಾರು 690 ಕಿಲೊಕ್ಯಾಲರಿ, ಇದು ಸುಮ್ಮನೆ ಬಿದ್ದಿರಲು ಬೇಕಾದ್ದು. ಸಂತಾನಹರಣ ಆದ ವಯಸ್ಕ ನಾಯಿಗೆ ಸಾಮಾನ್ಯವಾಗಿ ಇದರ 1.6 ಪಟ್ಟು, ಅಂದರೆ 1,100. ಓಡಾಟ ನಿಂತ ವಾರಗಳಲ್ಲಿ 1.2ರಿಂದ 1.4 ಪಟ್ಟು, 825ರಿಂದ 960. ಕಸರತ್ತಿಗೆ ಕೊಡುವ ತಿಂಡಿಯೂ ಇದರೊಳಗೇ ಬರಬೇಕು, ಅಲ್ಲೇ ಲೆಕ್ಕ ತಪ್ಪುವುದು. ಎರಡು ವಾರಕ್ಕೊಮ್ಮೆ ತೂಗಿ. ಮುಟ್ಟಿದರೆ ಪಕ್ಕೆಲುಬು ಸಿಗಬೇಕು, ಮೇಲಿಂದ ನೋಡಿದರೆ ನಡು ಕಾಣಬೇಕು. ಒಂದು ಕೆಜಿ ಹೆಚ್ಚಾದರೂ ಹೊರುವ ಕಾಲು ಮೂರೇ.

ಈಜಿಸುವುದಾದರೆ ಗಾಯ ಪೂರ್ತಿ ಮಾಗಿದ ಮೇಲೆ, ತೇಲುವ ಜಾಕೆಟ್ ಹಾಕಿ. ನೆಲದ ಹಾಸು ತೆಗೆಯುವ ಆಲೋಚನೆ ಬಂದರೆ ಹಾಸಿಗೆಯ ಸುತ್ತ, ತಿರುವುಗಳಲ್ಲಿ, ಹೊಸ್ತಿಲಲ್ಲಿ ಇರುವುದನ್ನು ಹಾಗೇ ಬಿಡಿ. ನೇರ ದಾರಿಯದನ್ನು ಒಂದೊಂದಾಗಿ ತೆಗೆದು ನೋಡಬಹುದು. ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ, ಏಕೆಂದರೆ ಹೊಸ ನಡಿಗೆಯಲ್ಲಿ ಎಲ್ಲ ಉಗುರೂ ಒಂದೇ ಸಮ ಸವೆಯುವುದಿಲ್ಲ. ಬಲ ಹಿಂಗಾಲು ಇಲ್ಲದ ನಾಯಿಗೆ ಬಲಗಿವಿ ಕೆರೆದುಕೊಳ್ಳಲು ಆಗುವುದಿಲ್ಲ. ಅಲ್ಲಿ ಕೊಳೆ, ಉಣ್ಣಿ, ನಂಜು ಏನೇ ಇದ್ದರೂ ತಲೆ ಕೊಡವುವುದಷ್ಟೇ ಅದು ಕೊಡುವ ಸೂಚನೆ. ವಾರಕ್ಕೊಮ್ಮೆ ಆ ಕಿವಿಯನ್ನು ಮಡಚಿ ಒಳಗೆ ನೋಡಿ, ವಾಸನೆ ನೋಡಿ, ಬುಡದಲ್ಲಿ ಚೆನ್ನಾಗಿ ಕೆರೆಯಿರಿ. ಮೊದಲ ಸಲ ಕೆರೆದಾಗ ಸೊಂಟದಲ್ಲಿ ಉಳಿದ ಸ್ನಾಯು ಟಕಟಕ ಕುಣಿಯುವುದು ಕಾಣಬಹುದು. ಅದು ನೋವಲ್ಲ, ಕೆರೆಯಲು ಕಾಲೆತ್ತುವ ಹಳೆಯ ಪ್ರತಿವರ್ತನೆ.